ತಂಪಿನ ಲೆಕ್ಕ

1990ರ ದಶಕದ ಆರಂಭದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಿಂದ ಐಟಿಐ ಸೇರುತ್ತಿದ್ದ ಹುಡುಗರ ಕಣ್ಣೆಲ್ಲ ಎರಡು ಟ್ರೇಡುಗಳ ಮೇಲೆ. ಫಿಟ್ಟರ್ ಆದರೆ ಸಕ್ಕರೆ ಕಾರ್ಖಾನೆಯಲ್ಲೋ ರೈಲ್ವೆ ವರ್ಕ್‌ಶಾಪಿನಲ್ಲೋ ಕೆಲಸ ಸಿಕ್ಕೀತು, ಎಲೆಕ್ಟ್ರಿಷಿಯನ್ ಆದರೆ ಕೆಇಬಿಯ ಲೈನ್‌ಮನ್ ಆಗಬಹುದು ಎಂಬ ಎಣಿಕೆ. ‘ಮೆಕ್ಯಾನಿಕ್ ರೆಫ್ರಿಜರೇಷನ್ ಅಂಡ್ ಏರ್ ಕಂಡೀಷನಿಂಗ್’ ಎಂಬ ಎರಡು ವರ್ಷದ ಟ್ರೇಡನ್ನು ತಾವಾಗಿ ಕೇಳಿ ಪಡೆಯುವವರು ಅಪರೂಪ. ನಾನು ಕೇಳಿ ಪಡೆದೆ.

ಅದಕ್ಕೆ ಕಾರಣ ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದ ಲಸಿಕೆಯ ಫ್ರಿಜ್. ದಿನಕ್ಕೆ ಹತ್ತಾರು ಸಲ ಕರೆಂಟು ಹೋಗುತ್ತಿದ್ದ ಕಾಲ. ಆ ಪೆಟ್ಟಿಗೆಯ ಗೋಡೆಯೊಳಗೆ ಮಂಜುಗಡ್ಡೆಯ ಪದರ ಇರುತ್ತಿದ್ದುದರಿಂದ ಗಂಟೆಗಟ್ಟಲೆ ಕರೆಂಟಿಲ್ಲದಿದ್ದರೂ ಒಳಗಿನ ತಂಪು ಉಳಿಯುತ್ತಿತ್ತು. ಅದು ಕೆಟ್ಟಾಗ ಜಿಲ್ಲೆಯಿಂದ ಒಬ್ಬ ಮೆಕ್ಯಾನಿಕ್ ಬರುತ್ತಿದ್ದರು. ಒಮ್ಮೆ ಅವರು ನರ್ಸಮ್ಮನಿಗೆ ಹೇಳುತ್ತಿದ್ದುದನ್ನು ಬಾಗಿಲಲ್ಲಿ ನಿಂತು ಕೇಳಿದ್ದೆ: ‘ಅಕ್ಕಾರ, 2ರಿಂದ 8 ಡಿಗ್ರಿ ನಡುವ ಇರಬೇಕ್ರಿ. ಬಿಸಿ ಆದ್ರೂ ಕೆಡ್ತದ, ಬರ್ಫ ಆದ್ರೂ ಕೆಡ್ತದ.’ ನಾಯಿಕೆಮ್ಮು, ಧನುರ್ವಾಯುವಿನ ಲಸಿಕೆಗಳು ಹೆಪ್ಪುಗಟ್ಟಿದರೆ ತಮ್ಮ ಗುಣ ಕಳೆದುಕೊಳ್ಳುತ್ತವೆ. ತಂಪು ಹೆಚ್ಚಿದಷ್ಟೂ ಒಳ್ಳೆಯದು ಎಂದುಕೊಂಡಿದ್ದ ನನಗೆ ತಂಪಿಗೂ ಅಳತೆ ಇದೆ, ಆ ಅಳತೆ ತಪ್ಪಿದರೆ ಕೂಸುಗಳಿಗೆ ಹಾಕಿದ ಲಸಿಕೆ ವ್ಯರ್ಥವಾಗುತ್ತದೆ ಎಂದು ತಿಳಿದ ದಿನ ಅದು. ನಾನು ಟ್ರೇಡಿನ ಹೆಸರು ಹೇಳಿದಾಗ ಕಾಕಾ ಕೇಳಿದ: ‘ಊರಾಗ ಇರೂದ ಒಂದ ಫ್ರಿಜ್. ಅದನ್ನ ನಂಬಿ ಎರಡು ವರ್ಷ ಓದ್ತೀಯೇನೋ ತಮ್ಮಾ?’ ಅಪ್ಪ ಮಾತ್ರ ಏನೂ ಹೇಳದೆ ಹುಬ್ಬಳ್ಳಿಯ ಬಸ್ಸಿಗೆ ದುಡ್ಡು ಕೊಟ್ಟರು.

ಐಟಿಐಯಲ್ಲಿ ನಮಗೆ ಥಿಯರಿ ಹೇಳುತ್ತಿದ್ದ ಸರ್ ಮೊದಲ ವಾರ ಯಾವ ಯಂತ್ರವನ್ನೂ ತೋರಿಸಲಿಲ್ಲ. ಗಾಜಿನ ಫ್ಲಾಸ್ಕಿನಲ್ಲಿ ಅರ್ಧ ನೀರು ಹಾಕಿ, ಬಾಯಿ ಬಿಗಿದು, ವ್ಯಾಕ್ಯೂಮ್ ಪಂಪಿಗೆ ಜೋಡಿಸಿದರು. ಗಾಳಿ ಹೊರಹೋದಂತೆ ತಣ್ಣೀರು ಗುಳುಗುಳು ಕುದಿಯತೊಡಗಿತು. ‘ನೋಡ್ರಪಾ, ಬೆಂಕಿ ಇಲ್ಲ, ನೀರು ಕುದ್ಯಾಕತ್ತೈತಿ. ಕುದಿಯಾಕ ಬೇಕಾದ ಶಾಖ ಎಲ್ಲಿಂದ ಬಂತು?’ ಎಂದು ಕೇಳಿ, ಒಬ್ಬೊಬ್ಬರನ್ನೇ ಕರೆದು ಫ್ಲಾಸ್ಕ್ ಮುಟ್ಟಿಸಿದರು. ಗಾಜು ಮೊದಲಿಗಿಂತ ತಣ್ಣಗಾಗಿತ್ತು. ಕುದಿಯುವುದಕ್ಕೆ ಬೇಕಾದ ಶಾಖವನ್ನು ನೀರು ತನ್ನೊಳಗಿಂದಲೇ ತೆಗೆದುಕೊಂಡಿತ್ತು. ಬೇಸಿಗೆಯಲ್ಲಿ ಮನೆಯ ಮಣ್ಣಿನ ಗಡಿಗೆ ಬೆವೆತು ನೀರನ್ನು ತಂಪಾಗಿಸುವುದೂ ಹೀಗೆಯೇ ಎಂದು ಅವರು ಹೇಳಿದಾಗ, ಅವ್ವ ಗಡಿಗೆಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ನೆನಪಾಯಿತು.

ಆಮೇಲೆ ಲೆಕ್ಕ ಬಂತು. ಒಂದು ಕಿಲೋ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 419 ಕಿಲೊಜೌಲ್ ಸಾಕು. ಅದೇ 100 ಡಿಗ್ರಿಯಲ್ಲಿ ಅದನ್ನು ಪೂರ್ತಿ ಆವಿ ಮಾಡಲು 2,257 ಕಿಲೊಜೌಲ್ ಬೇಕು, ಐದು ಪಟ್ಟಿಗೂ ಹೆಚ್ಚು. ಉಷ್ಣಮಾಪಕ ಒಂದು ಗೆರೆಯೂ ಏರುವುದಿಲ್ಲ, ಶಾಖ ಮಾತ್ರ ಒಳಗೆ ಹೋಗುತ್ತಲೇ ಇರುತ್ತದೆ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಗುರುತಿಸಿದ ಈ ಗುಪ್ತೋಷ್ಣವೇ ನಮ್ಮ ಇಡೀ ವೃತ್ತಿಯ ಬಂಡವಾಳ. ನೀರಿನ ಬದಲು, ಸಾಮಾನ್ಯ ಒತ್ತಡದಲ್ಲೇ ಸೊನ್ನೆಗಿಂತ ಸುಮಾರು 41 ಡಿಗ್ರಿ ಕೆಳಗೆ ಕುದಿಯುವ ಆರ್-22ನಂಥ ದ್ರವವನ್ನು ಕೊಳವೆಯೊಳಗೆ ಬಿಟ್ಟರೆ ಅದು ಕೋಣೆಯ ಶಾಖವನ್ನು ಹೀರಿ ಕುದಿಯುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ, ಹೊರಗಿನ ಬಿಸಿಲಿಗಿಂತಲೂ ಬಿಸಿ ಮಾಡುತ್ತದೆ. ಆಗಷ್ಟೇ ಶಾಖ ಹೊರಗಿನ ಗಾಳಿಗೆ ಹೋಗಲು ಒಪ್ಪುತ್ತದೆ. ತಣ್ಣಗಾಗಿ ಮತ್ತೆ ದ್ರವವಾದದ್ದು ಸಣ್ಣ ಕ್ಯಾಪಿಲ್ಲರಿ ಕೊಳವೆಯಲ್ಲಿ ನುಸುಳಿ, ಒತ್ತಡ ಕಳೆದುಕೊಂಡು, ಮತ್ತೆ ಕುದಿಯಲು ಬರುತ್ತದೆ. ‘ಈ ಕಡೆಯಿಂದ ತಗದು ಆ ಕಡೆ ಹಾಕೂದು, ಇಷ್ಟ ನಮ್ಮ ಕೆಲಸ,’ ಎನ್ನುತ್ತಿದ್ದರು ಸರ್. ಹಾಕಿದ ಕಡೆ ಬೇಕಿದ್ದರೆ ಅದೇ ಯಂತ್ರ ಕೋಣೆ ಬೆಚ್ಚಗಿಡುತ್ತದೆ, ಸ್ನಾನದ ನೀರು ಕಾಯಿಸುತ್ತದೆ. ಮುಂದೆ ಬೆಂಗಳೂರಿನ ಹೋಟೆಲುಗಳಿಗೆ ಹೀಟ್ ಪಂಪ್ ಬಂದಾಗ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಶಾಖ ಹೇಗೆ ಸಿಗುತ್ತದೆ ಎಂದು ಮಾಲೀಕರು ಅನುಮಾನಿಸಿದರೆ, ನಾನು ಸರ್ ಹೇಳಿದ ಮಾತನ್ನೇ ಹೇಳುತ್ತಿದ್ದೆ. ಉಳಿದ ಎರಡು ಯೂನಿಟ್ ಹೊರಗಿನ ಗಾಳಿಯಿಂದ ತೆಗೆದುಕೊಂಡದ್ದು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ಗ್ರಂಥಾಲಯದ ಇಂಗ್ಲಿಷ್ ಪುಸ್ತಕಗಳು ಮೊದಲು ಗೋಡೆಯಾಗಿ ನಿಂತವು. ಪಿ.ಎನ್. ಅನಂತನಾರಾಯಣನ್ ಅವರ ‘ಬೇಸಿಕ್ ರೆಫ್ರಿಜರೇಷನ್ ಅಂಡ್ ಏರ್ ಕಂಡೀಷನಿಂಗ್’ ಆ ಗೋಡೆಯಲ್ಲಿ ಬಾಗಿಲು ತೆರೆಯಿತು. ಹಗಲು ವರ್ಕ್‌ಶಾಪಿನಲ್ಲಿ ಬಿಚ್ಚಿದ ಭಾಗವನ್ನೇ ರಾತ್ರಿ ಹಾಸ್ಟೆಲಿನಲ್ಲಿ ಪುಟ ತೆರೆದು ಹುಡುಕುತ್ತಿದ್ದೆ. ಚಿತ್ರ ಮೊದಲು ಅರ್ಥವಾಗುತ್ತಿತ್ತು, ಆಮೇಲೆ ಚಿತ್ರದ ಕೆಳಗಿನ ಸಾಲು, ಕೊನೆಗೆ ಇಡೀ ಪುಟ. ಒಂದು ಟನ್ ಎಸಿ ಎಂದರೆ ಯಂತ್ರದ ತೂಕವಲ್ಲ, 2,000 ಪೌಂಡ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆಯನ್ನು 24 ಗಂಟೆಯಲ್ಲಿ ಕರಗಿಸಲು ಬೇಕಾಗುವಷ್ಟು ಶಾಖವನ್ನು ತೆಗೆಯುವ ಶಕ್ತಿ, ಇಂದಿನ ಲೆಕ್ಕದಲ್ಲಿ ಸುಮಾರು 3.5 ಕಿಲೊವಾಟ್ ಎಂದು ತಿಳಿದದ್ದು ಆಗಲೇ. ವರ್ಕ್‌ಶಾಪಿನಲ್ಲಿ ತಾಮ್ರದ ಕೊಳವೆ ಕತ್ತರಿಸುವುದು, ತುದಿ ಫ್ಲೇರ್ ಮಾಡುವುದು, ಸ್ವೇಜ್ ಮಾಡಿ ಒಂದರೊಳಗೊಂದು ಕೂರಿಸಿ ಬೆಸೆಯುವುದು ದಿನನಿತ್ಯದ ಅಭ್ಯಾಸ. ಸೀಲ್ ಮಾಡಿದ ಕಂಪ್ರೆಸರಿನ ಮೂರು ಪಿನ್ನುಗಳಲ್ಲಿ ಕಾಮನ್, ಸ್ಟಾರ್ಟ್, ರನ್ ಯಾವುವು ಎಂದು ಮೀಟರಿನಿಂದ ಕಂಡುಹಿಡಿಯುವುದು ನನಗೆ ಬಹಳ ಹಿಡಿಸಿದ ಪಾಠ. ಯಾವ ಎರಡು ಪಿನ್ನುಗಳ ನಡುವೆ ರೋಧ ಅತಿ ಹೆಚ್ಚೋ, ಅವನ್ನು ಬಿಟ್ಟು ಉಳಿದದ್ದು ಕಾಮನ್. ಕಾಮನ್‌ನಿಂದ ಹೆಚ್ಚು ರೋಧ ತೋರುವುದು ಸ್ಟಾರ್ಟ್, ಕಡಿಮೆ ತೋರುವುದು ರನ್. ಕಣ್ಣಿಗೆ ಕಾಣದ ಒಳಗನ್ನು ಅಳತೆಯಿಂದ ತಿಳಿಯುವ ಈ ವಿದ್ಯೆ ಮುಂದೆ ನನ್ನ ಕೆಲಸದ ರೀತಿಯೇ ಆಯಿತು.

ಸರ್ಟಿಫಿಕೇಟ್ ಹಿಡಿದು ಬೆಂಗಳೂರಿಗೆ ಬಂದೆ. ಶಿವಾಜಿನಗರದ ಗಲ್ಲಿಯೊಂದರ ವರ್ಕ್‌ಶಾಪಿನಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಸೇರಿದೆ. ಅವರು ಶಾಲೆಗೆ ಹೋದದ್ದು ಕಡಿಮೆ. ಉರ್ದು, ತಮಿಳು, ಕನ್ನಡ ಮೂರರಲ್ಲೂ ಬೈಯುತ್ತಿದ್ದರು, ಮೂರರಲ್ಲೂ ಅಕ್ಕರೆಯಿಂದ ಕಲಿಸುತ್ತಿದ್ದರು. ಯಾವ ಯಂತ್ರ ಬಂದರೂ ಮೊದಲು ಅವರ ಕೈ ಕೊಳವೆಯ ಮೇಲೆ. ‘ಪೈಪು ಮುಟ್ಟಿ ನೋಡು. ಅದು ಹೇಳೋದು ಕೇಳಿಸ್ಕೊಂಡು ಆಮೇಲೆ ಗೇಜ್ ಹಾಕು.’

ಆ ಕೈಯ ಜ್ಞಾನ ಎಂಥದೆಂದು ತೋರಿಸಲು ಒಂದು ಫ್ರಿಜ್ಜಿನ ಕಥೆ ಸಾಕು. ಬೆಳಿಗ್ಗೆ ಚೆನ್ನಾಗಿ ತಂಪು, ಮಧ್ಯಾಹ್ನ ಇಲ್ಲ, ಸಂಜೆ ತಾನಾಗಿ ಮತ್ತೆ ತಂಪು. ಮನೆಯವರು ಅದಕ್ಕೆ ಬೇರೆಡೆ ಎರಡು ಸಲ ಗ್ಯಾಸ್ ತುಂಬಿಸಿದ್ದರು. ಉಸ್ತಾದ್ ಬೆಂಕಿಕಡ್ಡಿ ಗೀರಿ, ಕ್ಯಾಪಿಲ್ಲರಿ ಫ್ರೀಜರನ್ನು ಸೇರುವ ತುದಿಗೆ ಹಿಡಿದರು. ಕೆಲ ಕ್ಷಣಗಳಲ್ಲಿ ಒಳಗೆ ಸೊಯ್ಯೆಂದು ಗ್ಯಾಸ್ ಹರಿಯುವ ಸದ್ದು. ‘ನೀರು,’ ಎಂದರು. ಒಳಗೆ ಉಳಿದಿದ್ದ ಒಂದಿಷ್ಟು ತೇವ ಆ ಸಣ್ಣ ತುದಿಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತಿತ್ತು. ಬಿಸಿಯಾದಾಗ ಕರಗಿ ದಾರಿ ಬಿಡುತ್ತಿತ್ತು. ಎಷ್ಟು ಗ್ಯಾಸ್ ತುಂಬಿದರೂ ಆ ರೋಗ ಹೋಗುತ್ತಿರಲಿಲ್ಲ. ಮದ್ದು ಇರುವುದು ವ್ಯಾಕ್ಯೂಮಿನಲ್ಲಿ. ಫಿಲ್ಟರ್ ಡ್ರೈಯರ್ ಬದಲಿಸಿ, ಪಂಪ್ ಹಚ್ಚಿ, ಒಳಗಿನ ಒತ್ತಡವನ್ನು ಆದಷ್ಟೂ ಇಳಿಸಿದರೆ ತೇವ ಕೋಣೆಯ ಉಷ್ಣದಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಹುಬ್ಬಳ್ಳಿಯ ಫ್ಲಾಸ್ಕಿನಲ್ಲಿ ನೋಡಿದ ಪಾಠ ಯಾತಕ್ಕೆಂದು ನನಗೆ ಪೂರ್ತಿ ತಿಳಿದದ್ದು ಆ ಫ್ರಿಜ್ಜಿನ ಮುಂದೆ. ಗಂಟೆಗಟ್ಟಲೆ ಪಂಪ್ ಓಡಿಸುವುದು ವ್ಯರ್ಥವೆಂದು ಆಗ ಎಷ್ಟೋ ಕಡೆ ಭಾವಿಸುತ್ತಿದ್ದರು. ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿಯನ್ನು ಊದಿ ಹೊರಹಾಕಿ ಕೆಲಸ ಮುಗಿಸುತ್ತಿದ್ದರು. ಉಸ್ತಾದರು ಪಂಪ್ ಹಚ್ಚಿ, ಚಹಾ ತರಿಸಿ, ಕಾದು ಕೂರುತ್ತಿದ್ದರು.

ಅವರ ಇನ್ನೊಂದು ನಿಯಮಕ್ಕೆ ರಿಯಾಯಿತಿಯೇ ಇರಲಿಲ್ಲ. ಸೋರಿಕೆ ನೋಡಲು ಒತ್ತಡ ಕೊಡುವುದಾದರೆ ನೈಟ್ರೋಜನ್ ಮಾತ್ರ. ಬೆಸುಗೆಗೆಂದು ಪಕ್ಕದಲ್ಲೇ ಆಕ್ಸಿಜನ್ ಸಿಲಿಂಡರ್ ಇರುತ್ತದೆ, ಕೈ ಅದರ ಕಡೆ ಹೋಗುವುದು ಸುಲಭ. ಆದರೆ ಒತ್ತಡದ ಆಕ್ಸಿಜನ್ ಕಂಪ್ರೆಸರಿನ ಎಣ್ಣೆಯನ್ನು ಸೇರಿದರೆ ಯಂತ್ರ ಬಾಂಬಿನಂತೆ ಸಿಡಿಯುತ್ತದೆ. ಹೊಸ ಹುಡುಗ ಯಾರೇ ಬಂದರೂ ಉಸ್ತಾದರು ಹೆಸರು ಕೇಳುವ ಮೊದಲು ಈ ಎರಡು ಸಿಲಿಂಡರುಗಳ ಬಣ್ಣ ತೋರಿಸುತ್ತಿದ್ದರು. ಬೆಸೆಯುವಾಗಲೂ ಕೊಳವೆಯೊಳಗೆ ನೈಟ್ರೋಜನ್ ಮೆಲ್ಲಗೆ ಹರಿಯುತ್ತಿರಬೇಕು. ಇಲ್ಲದಿದ್ದರೆ ಕಾದ ತಾಮ್ರದ ಒಳಮೈಯಲ್ಲಿ ಕಪ್ಪು ಪೊರೆ ಕಟ್ಟಿ, ಚಕ್ಕೆಯಾಗಿ ಎದ್ದು, ಒಂದು ದಿನ ಕ್ಯಾಪಿಲ್ಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ನಾನು ಅವರಿಗೆ ಕೊಟ್ಟದ್ದು ಒಂದುಂಟು. ಗೇಜಿನ ಮುಖದ ಮೇಲೆ ಒತ್ತಡದ ಅಂಕಿಗಳ ಒಳಗೆ ಒಂದೊಂದು ಗ್ಯಾಸಿಗೂ ಡಿಗ್ರಿಗಳ ಸಣ್ಣ ವೃತ್ತ ಇರುತ್ತದೆ. ವಿಂಡೋ ಎಸಿಗೆ 65-70 ಇರಬೇಕು ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು. ಆ ವೃತ್ತ ಯಾತಕ್ಕೆಂದು ಅವರು ಕೇಳಿದರು. ಆರ್-22 ಸುಮಾರು 68 ಪಿಎಸ್‌ಐ ಒತ್ತಡದಲ್ಲಿ ಸುಮಾರು 4 ಡಿಗ್ರಿಯಲ್ಲಿ ಕುದಿಯುತ್ತದೆ, ಕಂಪ್ರೆಸರಿಗೆ ಮರಳುವ ಕೊಳವೆ ಅದಕ್ಕಿಂತ ಕೆಲವು ಡಿಗ್ರಿ ಬೆಚ್ಚಗಿದ್ದರೆ ದ್ರವವೆಲ್ಲ ಆವಿಯಾಗಿದೆ ಎಂದರ್ಥ ಎಂದು ವಿವರಿಸಿದೆ. ಎರಡೂ ಸಮ ಇದ್ದರೆ ದ್ರವ ಕಂಪ್ರೆಸರಿಗೆ ನುಗ್ಗಿ ವಾಲ್ವ್ ಮುರಿಯುತ್ತದೆ. ಕೊಳವೆ ತೀರಾ ಬೆಚ್ಚಗಿದ್ದರೆ ಗ್ಯಾಸ್ ಸಾಲದು. ಉಸ್ತಾದರು ಕೊಳವೆಯನ್ನು ಮುಟ್ಟಿದರು, ಗೇಜ್ ನೋಡಿದರು, ಮತ್ತೆ ಮುಟ್ಟಿದರು. ಮರುದಿನ ಒಂದು ಥರ್ಮಾಮೀಟರ್ ಕೊಂಡು ತಂದು ಕೊಳವೆಗೆ ಕಟ್ಟಿಸಿದರು. ತಮ್ಮ ಕೈಗೆ ಇಷ್ಟು ವರ್ಷ ಗೊತ್ತಿದ್ದದ್ದಕ್ಕೆ ಅಂಕಿ ಸಿಕ್ಕ ಖುಷಿ ಅವರ ಮುಖದಲ್ಲಿತ್ತು. ಓದು ದೊಡ್ಡದೋ ಅನುಭವ ದೊಡ್ಡದೋ ಎಂಬ ಚರ್ಚೆ ನಡೆದಾಗಲೆಲ್ಲ ನನಗೆ ಆ ಮುಖ ಕಾಣುತ್ತದೆ. ಕೈ ಹೇಳಿದ್ದನ್ನು ಅಂಕಿಯಿಂದ ಪರೀಕ್ಷಿಸುವವನು, ಅಂಕಿ ಹೇಳಿದ್ದನ್ನು ಕೈಯಿಂದ ಪರೀಕ್ಷಿಸುವವನು ಮಾತ್ರ ಈ ಕೆಲಸದಲ್ಲಿ ಬೆಳೆಯುತ್ತಾನೆ ಎಂದು ನಾನು ನಂಬಿದ್ದೇನೆ.

ಕೆಲ ವರ್ಷಗಳ ನಂತರ ಮಂಗಳೂರಿಗೆ ಹೋದೆ. ರಾಯಚೂರಿನ ಬಿಸಿಲು ಕಂಡವನಿಗೆ ಕರಾವಳಿಯ ಸೆಕೆ ಬೇರೆಯೇ ಪಾಠ. ಏಪ್ರಿಲ್‌ನಲ್ಲಿ ರಾಯಚೂರಿನ ಗಾಳಿ 40 ಡಿಗ್ರಿ ಇದ್ದು ಆರ್ದ್ರತೆ ಶೇ 20 ಇದ್ದರೆ, ಒಂದು ಕಿಲೋ ಒಣಗಾಳಿಯ ಜೊತೆ ಇರುವ ನೀರು ಒಂಬತ್ತು-ಹತ್ತು ಗ್ರಾಂ. ಮಂಗಳೂರಿನ ಗಾಳಿ 32 ಡಿಗ್ರಿ, ಆರ್ದ್ರತೆ ಶೇ 75 ಇದ್ದರೆ ಆ ನೀರು 22-23 ಗ್ರಾಂ. ಹೀಗಾಗಿಯೇ ರಾಯಚೂರಿನಲ್ಲಿ ಸುಖ ಕೊಡುವ ಏರ್ ಕೂಲರ್ ಮಂಗಳೂರಿನಲ್ಲಿ ಕೋಣೆಯನ್ನು ಇನ್ನಷ್ಟು ಅಂಟಂಟು ಮಾಡುತ್ತದೆ. ಅಲ್ಲಿ ಎಸಿಯ ಶಕ್ತಿಯ ದೊಡ್ಡ ಪಾಲು ಗಾಳಿಯಿಂದ ನೀರು ಇಳಿಸಲಿಕ್ಕೇ ಖರ್ಚಾಗುತ್ತದೆ.

ಒಂದು ಮಳೆಗಾಲದಲ್ಲಿ ಅಲ್ಲಿನ ಮುದ್ರಣಾಲಯವೊಂದರಿಂದ ಕರೆ ಬಂತು. ಕೋಣೆ ತಂಪಾಗಿತ್ತು, ಆದರೂ ಕಾಗದ ತೇವ ಹೀರಿ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಇದೇ ತೊಂದರೆಯನ್ನು ಬಿಡಿಸಲು ಹೋಗಿ ವಿಲಿಸ್ ಕ್ಯಾರಿಯರ್ 1902ರಲ್ಲಿ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ಮೊದಲ ಹವಾನಿಯಂತ್ರಣ ವ್ಯವಸ್ಥೆ ರೂಪಿಸಿದ್ದನ್ನು ಓದಿದ್ದೆ. ಅಂದಿನ ಅವರ ಗುರಿ ಜನರ ಸುಖಕ್ಕಿಂತ ಗಾಳಿಯ ತೇವ. ಪುಸ್ತಕದ ಸೈಕ್ರೋಮೆಟ್ರಿಕ್ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಒಣ ಬಲ್ಬಿನ ಮತ್ತು ಒದ್ದೆ ಬತ್ತಿಯ ಥರ್ಮಾಮೀಟರುಗಳ ಅಂಕಿ ಗುರುತಿಸಿ, ಮಾಲೀಕರಿಗೆ ದಾರಿ ತೋರಿಸಿದೆ. ಗಾಳಿಯನ್ನು ಬೇಕಾದ್ದಕ್ಕಿಂತ ಹೆಚ್ಚು ತಂಪು ಮಾಡಿ ನೀರು ಇಳಿಸಬೇಕು, ಆಮೇಲೆ ಹೀಟರಿನಿಂದ ತುಸು ಬೆಚ್ಚಗೆ ಮಾಡಿ ಕೋಣೆಗೆ ಬಿಡಬೇಕು. ತಂಪು ಮಾಡಿ ಮತ್ತೆ ಬಿಸಿ ಮಾಡುವುದು ದುಂದು ಎಂದು ಅವರಿಗೆ ಅನಿಸಿತು. ಹಾಳಾದ ಕಾಗದದ ರಾಶಿಯ ಬೆಲೆ ಹಾಕಿ ನೋಡಿದ ಮೇಲೆ ಒಪ್ಪಿದರು.

ಮಲ್ಪೆಯ ಐಸ್ ಪ್ಲಾಂಟುಗಳು ನನಗೆ ಇನ್ನೊಂದು ವಿದ್ಯಾಲಯ. ಜೂನ್-ಜುಲೈಯಲ್ಲಿ ಮೀನುಗಾರಿಕೆ ನಿಂತಾಗ ಅಲ್ಲಿ ಯಂತ್ರ ಬಿಚ್ಚುವ ಕಾಲ. ಅಲ್ಲಿ ಓಡುವುದು ಅಮೋನಿಯಾ. ಅದು ತಾಮ್ರವನ್ನು ತಿನ್ನುವುದರಿಂದ ಕೊಳವೆಗಳೆಲ್ಲ ಉಕ್ಕಿನವು. ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿಸಿದ ಡಬ್ಬಿಗಳಲ್ಲಿ ನೀರು ಗಡ್ಡೆಯಾಗುತ್ತದೆ. ಸೋರಿಕೆ ಎಲ್ಲಿ ಎಂದು ಹುಡುಕಲು ಗಂಧಕದ ಬತ್ತಿ ಹಚ್ಚಿ ಕೀಲುಗಳ ಬಳಿ ಹಿಡಿದರೆ ಸೋರುವ ಕಡೆ ದಟ್ಟ ಬಿಳಿ ಹೊಗೆ ಏಳುತ್ತದೆ. ಅಮೋನಿಯಾ ಒಂದು ಚೂರು ಸೋರಿದರೂ ಕಣ್ಣು ಮೂಗು ಉರಿದು ಎಲ್ಲರಿಗೂ ಗೊತ್ತಾಗುವುದರಿಂದ ಅಲ್ಲಿ ಸೋರಿಕೆಯನ್ನು ಯಾರೂ ನಾಳೆಗೆ ಬಿಡುವುದಿಲ್ಲ. ನಾವು ಮನೆಗಳಲ್ಲಿ ಬಳಸುವ ಗ್ಯಾಸುಗಳಿಗೆ ಅಂಥ ವಾಸನೆ ಇಲ್ಲದ್ದರಿಂದ ಅವನ್ನು ಗಾಳಿಗೆ ಬಿಡುವ ಅಭ್ಯಾಸ ಬೆಳೆಯಿತು.

ಆ ಅಭ್ಯಾಸದ ಬೆಲೆ ನನಗೆ ಗೊತ್ತಾದದ್ದು ನಮ್ಮದೇ ಒಂದು ಉಪಕರಣದ ಮೂಲಕ. ಉಸ್ತಾದರ ಬಳಿ ಹ್ಯಾಲೈಡ್ ಟಾರ್ಚ್ ಇತ್ತು. ಅದರ ನೀಲಿ ಜ್ವಾಲೆಗೆ ಸೋರುವ ಆರ್-12 ಅಥವಾ ಆರ್-22 ತಗುಲಿದರೆ ಜ್ವಾಲೆ ಹಸಿರಾಗುತ್ತಿತ್ತು. ಆ ಹಸಿರಿಗೆ ಕಾರಣ ಗ್ಯಾಸಿನಲ್ಲಿರುವ ಕ್ಲೋರಿನ್, ಟಾರ್ಚಿನ ತಾಮ್ರದೊಡನೆ ಸೇರಿದ್ದು. ಇದೇ ಕ್ಲೋರಿನ್ ಆಕಾಶದ ಮೇಲ್ಪದರಕ್ಕೇರಿ ಓಜೋನನ್ನು ಒಡೆಯುತ್ತದೆ ಎಂದು ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ 1974ರಲ್ಲೇ ಎಚ್ಚರಿಸಿದ್ದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತ ಅದನ್ನು ಸೇರಿತು. ಆರ್-12 ಮಾರುಕಟ್ಟೆಯಿಂದ ಸರಿಯಿತು, ಕ್ಲೋರಿನ್ ಇಲ್ಲದ ಆರ್-134ಎ ಬಂತು. ಅದಕ್ಕೆ ಹ್ಯಾಲೈಡ್ ಟಾರ್ಚ್ ಹಸಿರಾಗುವುದಿಲ್ಲ, ಹಳೆಯ ಖನಿಜ ಎಣ್ಣೆ ಹೊಂದುವುದಿಲ್ಲ. ಬಲ್ಲೆವೆಂದುಕೊಂಡವರೆಲ್ಲ ಮತ್ತೆ ಬೆಂಚಿನ ಮೇಲೆ ಕೂರಬೇಕಾಯಿತು. ಸರ್ಕಾರದ ತರಬೇತಿಯೊಂದರಲ್ಲಿ, ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಂತೆಗೆಯುವ ಯಂತ್ರವನ್ನು ಮೊದಲ ಬಾರಿ ನಡೆಸಿದೆ. ಪಕ್ಕದಲ್ಲಿ ಕೂತಿದ್ದ, ತಲೆ ನರೆತ ಮೆಕ್ಯಾನಿಕ್ ಒಬ್ಬರು ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲನ್ನೂ ಬರೆದುಕೊಳ್ಳುತ್ತಿದ್ದರು. ಅವರನ್ನು ನೋಡಿ ನನ್ನ ವೃತ್ತಿಯ ಬಗ್ಗೆ ಹೆಮ್ಮೆ ಎನಿಸಿತು.

ಓಜೋನ್ ಆದ ಮೇಲೆ ಭೂಮಿಯ ಬಿಸಿಯ ಪ್ರಶ್ನೆ. ಒಂದು ಕಿಲೋ ಆರ್-22 ಗಾಳಿಗೆ ಹೋದರೆ ನೂರು ವರ್ಷಗಳ ಲೆಕ್ಕದಲ್ಲಿ ಅದು ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-410ಎ ಅದಕ್ಕಿಂತ ಹೆಚ್ಚು, ಎರಡು ಸಾವಿರದ ಮೇಲೆ. ಈಗ ಹೊಸ ಎಸಿಗಳಲ್ಲಿ ಸಾಮಾನ್ಯವಾಗಿರುವ ಆರ್-32 ಸುಮಾರು 675. ಪ್ರೊಪೇನ್ ಆದ ಆರ್-290 ಬೆರಳೆಣಿಕೆಯಷ್ಟು. ಆದರೆ ಆರ್-32ಕ್ಕೆ ಬೆಂಕಿ ಹತ್ತಬಲ್ಲದು, ಆರ್-290ಕ್ಕಂತೂ ಬೇಗ ಹತ್ತುತ್ತದೆ. ಆರ್-32ರ ಒತ್ತಡವೂ ಆರ್-22ಕ್ಕಿಂತ ಬಹಳ ಹೆಚ್ಚು, 68 ಇದ್ದ ಕಡೆ ಈಗ ಸುಮಾರು 120 ಇರುತ್ತದೆ. ಹಳೆಯ ಗೇಜು, ಹಳೆಯ ಹೋಸು, ಹಳೆಯ ಧೈರ್ಯ ಇಲ್ಲಿ ನಡೆಯುವುದಿಲ್ಲ. ಗ್ಯಾಸನ್ನು ಪೂರ್ತಿ ಹಿಂತೆಗೆದು, ನೈಟ್ರೋಜನ್ ಹಾಯಿಸಿ, ಕೋಣೆಯ ಕಿಟಕಿ ತೆರೆದ ಮೇಲೆಯೇ ಬೆಸುಗೆಯ ಜ್ವಾಲೆ ಹಚ್ಚಬೇಕು.

ಈಗ ನನ್ನ ಬಳಿ ಕೆಲಸ ಕಲಿಯುವ ಹುಡುಗರು ಮೊಬೈಲಿನಲ್ಲಿ ನೋಡಿಯೇ ಎಷ್ಟೋ ತಿಳಿದು ಬರುತ್ತಾರೆ. ನನಗೆ ಒಂದು ವರ್ಷ ಹಿಡಿದದ್ದು ಅವರಿಗೆ ಒಂದು ತಿಂಗಳಲ್ಲಿ ಅರ್ಥವಾಗುತ್ತದೆ, ಅದು ಸಂತೋಷವೇ. ನನ್ನ ಚಿಂತೆ ಬೇರೆ. ಬೇಸಿಗೆಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಿಸುವ ಒತ್ತಡ ಅವರ ಮೇಲಿದೆ. ಐದನೇ ಮಹಡಿಯ ಸಜ್ಜೆಯ ಮೇಲೆ ಸೊಂಟಕ್ಕೆ ಬೆಲ್ಟಿಲ್ಲದೆ ನಿಂತು ಹೊರಗಿನ ಯೂನಿಟ್ ಬಿಚ್ಚುವುದನ್ನು ನೋಡಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಬೆಲ್ಟ್ ಇಲ್ಲದೆ ಹತ್ತಬೇಡ, ಪಂಪ್ ಹಚ್ಚದೆ ಗ್ಯಾಸ್ ಹಾಕಬೇಡ, ತೂಕ ಮಾಡದೆ ಸಿಲಿಂಡರ್ ತೆರೆಯಬೇಡ ಎಂದು ನಾನು ಹೇಳುತ್ತೇನೆ. ಅವರು ಒಪ್ಪುತ್ತಾರೆ. ಆದರೆ ಅರ್ಧ ಗಂಟೆಯಲ್ಲಿ ಮುಗಿಸಿಕೊಡಿ, ಬೇರೆಯವರು ಇನ್ನೂ ಕಡಿಮೆಗೆ ಮಾಡುತ್ತಾರೆ ಎನ್ನುವ ಮನೆಗಳಲ್ಲಿ ಆ ಒಪ್ಪಿಗೆ ಉಳಿಯುವುದು ಕಷ್ಟ.

ಆದ್ದರಿಂದ ಎಸಿ, ಫ್ರಿಜ್ ಇರುವ ಮನೆಯವರಲ್ಲಿ ನನ್ನದೊಂದು ಕೋರಿಕೆ. ಇವುಗಳೊಳಗಿನ ಗ್ಯಾಸ್ ಸ್ಕೂಟರಿನ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ವರ್ಷವರ್ಷ ತುಂಬಿಸುವುದು ರಿಪೇರಿಯಲ್ಲ. ಬಂದ ಹುಡುಗನನ್ನು ಕೂರಿಸಿ, ನೀರು ಕೊಟ್ಟು, ಮೂರು ಮಾತು ಕೇಳಿ: ಸೋರಿಕೆ ಎಲ್ಲಿ ಸಿಕ್ಕಿತು? ವ್ಯಾಕ್ಯೂಮ್ ಎಷ್ಟು ಹೊತ್ತು ಮಾಡಿದೆ? ಯಂತ್ರದ ಮೇಲೆ ಬರೆದಿರುವಷ್ಟು ಗ್ರಾಂ ತೂಗಿ ಹಾಕಿದೆಯಾ? ಸರಿಯಾಗಿ ಮಾಡಿದರೆ ಈ ಕೆಲಸಕ್ಕೆ ಅರ್ಧ ದಿನ ಬೇಕು. ಆ ಅರ್ಧ ದಿನದ ಕೂಲಿಯನ್ನು ಚೌಕಾಸಿ ಮಾಡದೆ ಕೊಡುವವರು ಇದ್ದರೆ, ಅದನ್ನು ಸರಿಯಾಗಿ ಕಲಿಯುವ ಹುಡುಗರೂ ಈ ನಾಡಿನಲ್ಲಿ ಇರುತ್ತಾರೆ.